ತೆರೆಯೇ ತೆರೆಯನ್ನು ಶಂಕಿಸಿದ ಬಗೆ

ಗೋಡೆಯ ಮೇಲಣ ತೆರೆಯೊಂದರ ಮೂಲಕ ರಾಜ್ಯಶಕ್ತಿಯು ಪ್ರತಿಯೊಬ್ಬ ಪ್ರಜೆಯ ಮುಖಭಾವವನ್ನೂ ಹಗಲಿರುಳು ಕಾಯುತ್ತಿರುವುದೆಂಬ ಭಯಾನಕ ಕಲ್ಪನೆಯನ್ನು ಬ್ರಿಟನ್ನಿನ ಬಿಬಿಸಿ ಸಂಸ್ಥೆಯು 1954ರ ಡಿಸೆಂಬರ್ 12ರ ಭಾನುವಾರ ರಾತ್ರಿ ಜನರ ಮನೆಯೊಳಗಣ ತೆರೆಯ ಮೇಲೆಯೇ ತಂದು ನಿಲ್ಲಿಸಿತು. ಈ ಕಲ್ಪನೆಗೆ ಮೂಲವಾದ ಜಾರ್ಜ್ ಆರ್ವೆಲ್ಲನ ಕಾದಂಬರಿಯನ್ನು ನಾಟಕವಾಗಿಸಿದವನು ನೈಜೆಲ್ ನೀಲ್. ನಾಯಕನ ಪಾತ್ರ ಪೀಟರ್ ಕುಶಿಂಗನದು. ನಾಟಕಗಳನ್ನು ಮೊದಲೇ ಚಿತ್ರಿಸಿಟ್ಟು ತೋರಿಸುವ ಪದ್ಧತಿ ಇನ್ನೂ ಬೇರೂರದಿದ್ದ ಕಾಲವಾದುದರಿಂದ, ನಾಟಕದ ವಿರುದ್ಧ ಪಾರ್ಲಿಮೆಂಟಿನಲ್ಲಿಯೂ ಖಂಡನೆಯ ದನಿ ಎದ್ದ ಮೇಲೂ, ಮರುಪ್ರಸಾರಕ್ಕಾಗಿ ಅದೇ ನಟವರ್ಗವು ಗುರುವಾರದಂದು ಕ್ಯಾಮೆರಾದ ಮುಂದೆ ಇಡೀ ನಾಟಕವನ್ನು ಮತ್ತೊಮ್ಮೆ ಆಡಬೇಕಾಯಿತು.

ಅಂದಿನ ಭಯವೆಲ್ಲವೂ ದಂಡಶಕ್ತಿಯದು. ಆದರೆ ಅದೇ ನೀಲನು 1968ರಲ್ಲಿ ಸ್ವತಂತ್ರವಾಗಿ ರಚಿಸಿದ 'ದಿ ಇಯರ್ ಆಫ್ ದಿ ಸೆಕ್ಸ್ ಒಲಿಂಪಿಕ್ಸ್' ಎಂಬ ನಾಟಕದಲ್ಲಿ ತೆರೆಯು ಪ್ರೇಕ್ಷಕರ ಮುಖಗಳನ್ನು ಪರೀಕ್ಷಿಸುವುದು ಶಿಕ್ಷಿಸುವುದಕ್ಕಲ್ಲ, ಯಾವುದು ರುಚಿಸಿತೆಂದು ತಿಳಿಯುವುದಕ್ಕೆ. ನೇರಪ್ರಸಾರದ ನಡುವೆ ಒಬ್ಬನು ಆಕಸ್ಮಿಕವಾಗಿ ಬಿದ್ದು ಸಾಯುತ್ತಾನೆ. ಮಂಕಾಗಿ ಕುಳಿತಿದ್ದ ಪ್ರೇಕ್ಷಕವೃಂದವು ಗಹಗಹಿಸಿ ನಗುತ್ತದೆ. ನಿರ್ಮಾಪಕರು ಆ ನಗೆಯನ್ನೇ ಜನಾಭಿಪ್ರಾಯವೆಂದು ಭಾವಿಸಿ, ಒಂದು ಕುಟುಂಬವನ್ನು ನಿರ್ಜನ ದ್ವೀಪಕ್ಕೆ ಕಳುಹಿಸಿ, ಅವರ ಸಂಕಟವನ್ನು ಪ್ರಸಾರಮಾಡತೊಡಗುತ್ತಾರೆ. ಜನಾನುರಂಜಕ ರಾಜಕಾರಣದ ಬೀಜ ಇಲ್ಲಿಯೇ ಇದೆಯೆಂಬುದು ನನ್ನ ದೃಢವಾದ ನಂಬಿಕೆ; ಏಕೆಂದರೆ ಮೆಚ್ಚಿಸುವುದೊಂದೇ ಆಳುವ ಯೋಗ್ಯತೆಯಾದೊಡನೆ ವಿದೂಷಕನಿಗೂ ಶಾಸಕನಿಗೂ ಅಂತರವುಳಿಯದು.

ಆ ಅಂತರವು ಅಳಿಸಿಹೋದ ಚಿತ್ರ 2013ರ ಫೆಬ್ರವರಿ 25ರಂದು ಚಾನೆಲ್ 4ರ 'ಬ್ಲ್ಯಾಕ್ ಮಿರರ್' ಮಾಲಿಕೆಯಲ್ಲಿ ಬಂದಿತು. ಚಾರ್ಲಿ ಬ್ರೂಕರ್ ಬರೆದ ಆ ಕಥೆಯಲ್ಲಿ ವಾಲ್ಡೋ ಎಂಬ ನೀಲಿ ಕರಡಿಯ ವ್ಯಂಗ್ಯಚಿತ್ರ ಉಪಚುನಾವಣೆಗೆ ನಿಲ್ಲುತ್ತದೆ. ವ್ಯಾನಿನೊಳಗೆ ಅಡಗಿ ಕುಳಿತ ಹಾಸ್ಯನಟನ ಕೈ ಬಾಯಿಗಳ ಚಲನೆಯೇ ಹೊರಗಣ ತೆರೆಯ ಮೇಲೆ ಕರಡಿಯ ಚಲನೆ. ಅದಕ್ಕೆ ನೀತಿಯಿಲ್ಲ, ಕಾರ್ಯಕ್ರಮವಿಲ್ಲ, ಎದುರಾಳಿಯನ್ನು ಬೀದಿಬೀದಿಯಲ್ಲಿ ಹೀಯಾಳಿಸುವ ನಾಲಗೆಯೊಂದಿದೆ. ಮತ ಹಾಕಬೇಡಿರೆಂದು ನಟನೇ ಹೊರಬಂದು ಬೇಡಿಕೊಂಡರೂ ಕರಡಿ ಎರಡನೆಯ ಸ್ಥಾನ ಪಡೆಯುತ್ತದೆ. ಅದೇ ಸೋಮವಾರ ಇಟಲಿಯಲ್ಲಿ ಮುಗಿದ ಮತದಾನದಲ್ಲಿ ಹಾಸ್ಯನಟ ಬೆಪ್ಪೆ ಗ್ರಿಲ್ಲೋ ಮುನ್ನಡೆಸಿದ ಪಂಚತಾರಾ ಚಳವಳಿಗೆ ಕೆಳಮನೆಯ ಮತಗಳಲ್ಲಿ ಕಾಲುಭಾಗಕ್ಕೂ ಮಿಗಿಲಾದ ಪಾಲು ದೊರೆಯಿತು.

ಬ್ರೂಕರನ ಕಥೆ ಕೊನೆಯಲ್ಲಿ ಜಗತ್ತನ್ನೆಲ್ಲ ಕರಡಿಯ ಆಳ್ವಿಕೆಗೆ ಒಪ್ಪಿಸಿ ಅವಸರಪಡುತ್ತದೆ. ಬೀದಿಯ ಜನರ ನಗೆಯಲ್ಲಿದ್ದ ಸತ್ಯ ಆ ಅಂತ್ಯದಲ್ಲಿಲ್ಲ. ಈ ವಿಷಯವನ್ನು ಅರಿಯಬಯಸುವವರು 1968ರ ನಾಟಕವನ್ನೇ ಮೊದಲು ನೋಡತಕ್ಕದ್ದು. ಬಣ್ಣದಲ್ಲಿ ಪ್ರಸಾರವಾದ ಅದು ಇಂದು ಕಪ್ಪುಬಿಳುಪಿನ ಪ್ರತಿಯಾಗಿ ಉಳಿದಿದೆ.