ಫಾರಿನ್ ಶೇಂದಿ

ಭಾನುವಾರ ಅಬಿಡ್ಸ್‌ನ ಅಂಗಡಿಗಳು ಬಾಗಿಲು ಹಾಕಿದರೆ ಫುಟ್‌ಪಾತ್ ತುಂಬ ಹಳೇ ಪುಸ್ತಕಗಳು ಬಂದು ಕೂರುತ್ತವೆ. ಕಲಬುರಗಿ ಬಿಟ್ಟು ಹೈದರಾಬಾದಿಗೆ ಬಂದ ಹೊಸತರಲ್ಲಿ ನನಗೆ ಹೊತ್ತು ಹೋಗುತ್ತಿದ್ದುದೇ ಅಲ್ಲಿ. ಅಬಿಡ್ ಅನ್ನುವುದೇ ಒಬ್ಬ ಅಂಗಡಿಕಾರನ ಹೆಸರು. ಆರನೇ ನಿಜಾಮ ಮೆಹಬೂಬ್ ಅಲಿ ಖಾನರ ಖಾಸಾ ಸೇವಕನಾಗಿದ್ದ ಈತ ಇಲ್ಲಿ ವಿಲಾಯಿತಿ ಸಾಮಾನಿನ ಅಂಗಡಿ ಇಟ್ಟಿದ್ದ. ನಿಜಾಮರು ಬೇಜಾರಾಗಿ ಬಿಟ್ಟ ವಸ್ತುವನ್ನೇ ತಿರುಗಿ ಅವರಿಗೇ ಮಾರುತ್ತಿದ್ದನಂತೆ. ನಿಜವೋ ಸುಳ್ಳೋ, ಕತೆ ಮಾತ್ರ ಚೆನ್ನಾಗಿದೆ. 1956ರ ತನಕ ಕಲಬುರಗಿಗೂ ಇದೇ ರಾಜಧಾನಿ. ಆದರೂ ಪರವೂರು ಪರವೂರೇ.

ಒಮ್ಮೆ ಅವ್ವ ಊರಿಂದ ಬಂದಿದ್ದಾಗ, ಇಟಲಿಗೆ ಹೋಗಿಬಂದ ಗೆಳೆಯನೊಬ್ಬ ಒಂದು ಬಾಟಲಿ ಕೊಟ್ಟ. ಕಿಯಾಂತಿ ಕ್ಲಾಸಿಕೊ. ಕುತ್ತಿಗೆಯ ಮೇಲೆ ಕರಿ ಹುಂಜದ ಚಿತ್ರ.

"ಇದರಾಗ ಕೋಳಿ ಹಾಕ್ಯಾರೇನು?" ಅಂದಳು ಅವ್ವ.

"ಇಲ್ಲವ್ವ, ದ್ರಾಕ್ಷಿ ರಸ."

"ರಸ ಅಂದ್ರ ಹುಳಿ ಬಂದದ್ದೋ, ಬರದಿದ್ದದ್ದೋ?"

ಸುಮ್ಮನಾದೆ.

"ನಿಮ್ಮ ಕಾಕಾನ್ನ ಶೇಂದಿ ನುಂಗ್ತು. ಈಗ ನೀ ಫಾರಿನ್ ಶೇಂದಿ ತಂದೀ ಏನು?"

ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ನಮ್ಮ ಕಡೆ ಶೇಂದಿ ಅಂದರೆ ಈಚಲು ಮರದ ರಸವಷ್ಟೇ ಆಗಿ ಉಳಿದಿರಲಿಲ್ಲ. ಸಿ.ಎಚ್. ಪೌಡರ್ ಅಂತ ಕರೆಯುವ ಕ್ಲೋರಲ್ ಹೈಡ್ರೇಟ್ ಕಲಸಿ ಮಾರುತ್ತಿದ್ದರು. ಕಾಕಾ ನಲವತ್ತು ದಾಟಲಿಲ್ಲ. ಬಾಟಲಿ ಬೀರುವಿನೊಳಗೆ ಹೋಯಿತು.

ಅದನ್ನು ಮತ್ತೆ ಹೊರಗೆ ತೆಗೆಸಿದ್ದು ಫುಟ್‌ಪಾತಿನ ಒಂದು ಪುಸ್ತಕ. ಕ್ರಿಸ್ತಶಕ ಒಂದನೇ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಯಾರೋ ಬರೆದಿಟ್ಟ ಸಮುದ್ರ ವ್ಯಾಪಾರದ ಕೈಪಿಡಿ, 'ಪೆರಿಪ್ಲಸ್'. ಅದರ ಇಂಗ್ಲಿಷ್ ಅನುವಾದ ಸಿಕ್ಕಿತ್ತು. ಬರಿಗಾಜ, ಅಂದರೆ ಇವತ್ತಿನ ಗುಜರಾತಿನ ಭರೂಚ್, ಅಲ್ಲಿಗೆ ಹಡಗಲ್ಲಿ ಬರುವ ಸರಕಿನ ಪಟ್ಟಿ ಕೊಡುವಾಗ ಅವನು ಮೊದಲು ಹೆಸರಿಸುವುದೇ ಮದ್ಯವನ್ನು. ಅದರಲ್ಲೂ ಇಟಲಿಯದಕ್ಕೆ ಮೊದಲ ಮರ್ಯಾದೆ, ಆಮೇಲೆ ಲವೊಡಿಕೆಯದು, ಅರಬರದು. ಅದೇ ಬಂದರಿಗೆ ಒಳನಾಡಿನ ತಗರದಿಂದ ಬಂಡಿಗಳಲ್ಲಿ ಬಟ್ಟೆ ಬರುತ್ತಿತ್ತಂತೆ. ತಗರ ಅಂದರೆ ಈಗಿನ ತೇರ್, ಸೋಲಾಪುರದ ಪಕ್ಕದ ಜಿಲ್ಲೆಯ ಊರು. ನಮ್ಮ ಶಾಸನಗಳಲ್ಲಿ ಶಿಲಾಹಾರರು 'ತಗರಪುರವರಾಧೀಶ್ವರ' ಅಂತ ಹೊಗಳಿಸಿಕೊಳ್ಳುವುದು ಈ ಊರಿನ ಹೆಸರಿನಿಂದಲೇ. ತೇರಿನಲ್ಲಿ ಸಿಕ್ಕ ದಂತದ ಹೆಣ್ಣು ಬೊಂಬೆಯ ಹೋಲಿಕೆಯದೇ ಇನ್ನೊಂದು ಇಟಲಿಯ ಪಾಂಪೆಯಲ್ಲಿ ಸಿಕ್ಕಿದೆ. ಅದು ಕ್ರಿ.ಶ. 79ರಲ್ಲಿ ಬೂದಿಯಲ್ಲಿ ಹೂತುಹೋದ ಊರು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮಿನ ಬೆಳ್ಳಿ ನಾಣ್ಯ ಸಿಕ್ಕಿವೆ. ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ 1945ರಲ್ಲಿ ವ್ಹೀಲರ್ ಅಗೆಸಿದಾಗ ಮದ್ಯ ತುಂಬಿ ತರುತ್ತಿದ್ದ ಮಣ್ಣಿನ ಕೊಡಗಳ ಚೂರುಗಳೇ ಬಂದವು.

ಅವ್ವ ಫಾರಿನ್ ಅಂದದ್ದು ಎರಡು ಸಾವಿರ ವರ್ಷದ ಹಿಂದೆಯೇ ದಖ್ಖನ್ನಿನ ಬಂದರಿನಲ್ಲಿ ಇಳಿದಿತ್ತು!

ಅವತ್ತಿನ ಮದ್ಯವೂ ಈ ಬಾಟಲಿಯದೂ ಒಂದೇ ಅಲ್ಲ, ಅದು ಗೊತ್ತು. ಕಿಯಾಂತಿಯ ಗಡಿಯನ್ನು ತಸ್ಕನಿಯ ದೊರೆ ಮೂರನೇ ಕೊಸಿಮೊ ಗೊತ್ತುಮಾಡಿದ್ದು 1716ರಲ್ಲಿ. ಕರಿ ಹುಂಜದ ಗುರುತಿನ ಸಂಘ ಕಟ್ಟಿದ್ದು 1924ರಲ್ಲಿ. ಒಳಗಿರುವ ದ್ರಾಕ್ಷಿಯಲ್ಲಿ ನೂರಕ್ಕೆ ಎಂಬತ್ತಾದರೂ ಸಾಂಜೊವೇಸೆ ಇರಬೇಕು. ಈ ಜಾತಿ ಈಗ ನಮ್ಮ ನೆರೆಗೇ ಬಂದಿದೆ. ನಾಂಪಲ್ಲಿಯಲ್ಲಿ ಮುಂಬೈ ರೈಲು ಹತ್ತಿದರೆ ವಾಡಿ, ಕಲಬುರಗಿ ದಾಟಿ ಸೋಲಾಪುರ. ಅದೇ ಜಿಲ್ಲೆಯ ಅಕಲೂಜಿನಲ್ಲಿ 2007ರಲ್ಲಿ ಶುರುವಾದ ಫ್ರಾತೆಲ್ಲಿ ಕಂಪನಿ ಸಾಂಜೊವೇಸೆ ಬೆಳೆಸಿ ವೈನ್ ಮಾಡುತ್ತದೆ. ಫ್ರಾತೆಲ್ಲಿ ಅಂದರೆ ಅಣ್ಣತಮ್ಮಂದಿರು. ಇಟಲಿಯ, ದಿಲ್ಲಿಯ, ಅಕಲೂಜಿನ ಮೂರು ಮನೆತನದ ಅಣ್ಣತಮ್ಮಂದಿರು ಕೂಡಿ ಮಾಡಿದ್ದು.

ಒಂದು ರಾತ್ರಿ ಅವ್ವನಿಗೆ ಹೇಳಿಯೇ ಬಾಟಲಿ ತೆಗೆದೆ, ಕದ್ದು ಕುಡಿಯುವುದು ಬೇಡ ಅಂತ. ನಮ್ಮ ಬೇಸಿಗೆಗೆ ಇದನ್ನು ಹಾಗೇ ಕುಡಿದರೆ ಬರೀ ಖಾರ ಉರಿ. ಫ್ರಿಜ್ಜಿನಲ್ಲಿಟ್ಟು, ಹದಿನಾರು ಹದಿನೇಳು ಡಿಗ್ರಿಗೆ ಬಂದಮೇಲೆ ಗ್ಲಾಸಿಗೆ ಮೂರನೇ ಒಂದು ಪಾಲು ಮಾತ್ರ ಹಾಕಬೇಕು, ವಾಸನೆ ಏಳಲು ಜಾಗ ಇರಲಿ ಅಂತ. ಮೊದಲು ಹುಳಿ ಚೆರ್ರಿ, ಆಮೇಲೆ ಒಣಗಿದ ಚಹಾ ಎಲೆ, ಕೊನೆಗೆ ನಾಲಿಗೆ ಹಿಡಿಯುವ ಒಗರು. ಕಾಯಿ ನೇರಳೆ ತಿಂದವರಿಗೆ ಈ ಒಗರನ್ನು ಬಿಡಿಸಿ ಹೇಳಬೇಕಾಗಿಲ್ಲ.

ಊಟಕ್ಕೆ ಅವ್ವನ ಪುಂಡಿ ಪಲ್ಯ, ಖಡಕ್ ರೊಟ್ಟಿ. ಪುಂಡಿಯ ಹುಳಿ ಮುಂದೆ ವೈನ್ ನೀರಾಗಿಹೋಯಿತು. ಮಿರ್ಚಿ ಕಾ ಸಾಲನ್ ಜೊತೆ ಇನ್ನೂ ಕೆಟ್ಟದ್ದು, ಮೆಣಸಿನಕಾಯಿ ಮದ್ಯದ ಉರಿಯನ್ನು ಎಬ್ಬಿಸುತ್ತದೆ. ಕೂಡಿಬಂದದ್ದು ಹೊರಗಿಂದ ತಂದ ಪತ್ಥರ್ ಕಾ ಗೋಷ್ತ್. ಕಾದ ಕಲ್ಲಿನ ಮೇಲೆ ಬೆಂದ ಮಾಂಸದ ಕೊಬ್ಬು ಆ ಒಗರನ್ನು ಮೆತ್ತಗೆ ಮಾಡಿತು, ವೈನಿನ ಹುಳಿ ಕೊಬ್ಬನ್ನು ತೊಳೆಯಿತು. ಫ್ಲಾರೆನ್ಸಿನವರು ಕೆಂಡದ ಮೇಲೆ ಸುಟ್ಟ ದಪ್ಪ ಮಾಂಸದ ಜೊತೆ ಇದನ್ನೇ ಕುಡಿಯುತ್ತಾರೆ, ಸುಮ್ಮನೆ ಅಲ್ಲ.

ಅವ್ವ ನೋಡುತ್ತಲೇ ಇದ್ದಳು. "ಎಷ್ಟು ಕುಡೀತಿ?"

"ಇಷ್ಟೇ."

"ನಿಮ್ಮ ಕಾಕಾನೂ ಇಷ್ಟೇ ಅಂತಿದ್ದ."

ಮಾರನೇ ದಿನ ಗ್ಲಾಸನ್ನು ಅವಳೇ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದಳು. ನೀರು ಕುಡಿಯುವ ಲೋಟಗಳ ಜೊತೆ ಸೇರಿಸದೆ ಶೆಲ್ಫಿನ ತುದಿಗೆ ಬೋರಲು ಹಾಕಿಟ್ಟಳು. ಈಗಲೂ ಅದು ಅಲ್ಲೇ ಇದೆ.