ಪಶ್ಚಿಮ ಘಟ್ಟದ ಕಾಡುಬೆಂಡೆ: ಗುರುತು, ಮಹತ್ವ ಮತ್ತು ಸಂರಕ್ಷಣೆ

ಕಾಡುಬೆಂಡೆಯು ದಾಸವಾಳ, ಹತ್ತಿ ಮತ್ತು ಬೆಂಡೆಯಂತೆ ಮಾಲ್ವೇಸಿ ಕುಟುಂಬಕ್ಕೆ ಸೇರಿದೆ. ಕರಾವಳಿಯುದ್ದಕ್ಕೂ ಹಬ್ಬಿರುವ ಪಶ್ಚಿಮ ಘಟ್ಟದಲ್ಲಿ ಬೆಂಡೆಯ ಹಲವು ವನ್ಯ ಸಂಬಂಧಿಗಳಿವೆ. ಇವುಗಳಲ್ಲಿ ಘಟ್ಟಕ್ಕಷ್ಟೇ ಸೀಮಿತವಾದ ಒಂದು ಪ್ರಭೇದವನ್ನು ವಿಜ್ಞಾನಿಗಳು ಹೊಸದೆಂದು ವಿವರಿಸಿದ್ದು 2012ರಲ್ಲಿ. ಕೃಷಿಗೆ ಈಗಾಗಲೇ ನೆರವಾಗಿರುವ ಪ್ರಭೇದವೆಂದರೆ ಅಬೆಲ್ಮೋಸ್ಕಸ್ ಟೆಟ್ರಾಫಿಲಸ್.

ಗುರುತಿಸುವುದು ಹೇಗೆ?

• ಹೂವು ತಿಳಿ ಹಳದಿ; ನಡುಭಾಗ ಕಡು ನೇರಳೆ. ನೋಟಕ್ಕೆ ಬೆಂಡೆ ಹೂವಿನಂತೆಯೇ ಇರುತ್ತದೆ.
• ಹೂವಿನ ಬುಡದಲ್ಲಿ ಸಾಮಾನ್ಯವಾಗಿ ನಾಲ್ಕರಿಂದ ಆರು ಅಗಲವಾದ ಹಸಿರು ಎಸಳುಗಳಿರುತ್ತವೆ. ಬೆಳೆಯುವ ಬೆಂಡೆಯಲ್ಲಿ ಇವು ಕಿರಿದಾಗಿದ್ದು, ಹೆಚ್ಚು ಸಂಖ್ಯೆಯಲ್ಲಿರುತ್ತವೆ.
• ಕಾಯಿ ಗಿಡ್ಡ, ಐದು ಏಣುಗಳುಳ್ಳದ್ದು. ಮೈತುಂಬ ಒರಟು ರೋಮಗಳು.

ಮಹತ್ವ

ಬಿಳಿ ನೊಣದಿಂದ ಹರಡುವ ಹಳದಿ ನಂಜು ರೋಗವು ಬೆಂಡೆ ಬೆಳೆಗಾರರ ಮುಖ್ಯ ಸಮಸ್ಯೆ. ರೋಗ ತಗುಲಿದ ಗಿಡಗಳಿಗೆ ಔಷಧವಿಲ್ಲ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬೆಂಡೆಯನ್ನು ಈ ಕಾಡು ಪ್ರಭೇದದೊಂದಿಗೆ ಸಂಕರಿಸಿ, ರೋಗನಿರೋಧಕ ಗುಣವುಳ್ಳ ಅರ್ಕಾ ಅನಾಮಿಕ ತಳಿಯನ್ನು ಅಭಿವೃದ್ಧಿಪಡಿಸಿತು. ಕಾಲಕ್ರಮೇಣ ಹಲವೆಡೆ ಆ ನಿರೋಧಕತೆ ಕುಗ್ಗಿದೆ. ಮುಂದಿನ ತಳಿಗಳಿಗೆ ಬೇಕಾದ ಗುಣಗಳನ್ನು ಮತ್ತೆ ಕಾಡು ಗಿಡಗಳಲ್ಲಿಯೇ ಅರಸಬೇಕಾಗಿದೆ. ಗಿಡವೇ ಅಳಿದರೆ ಆ ಗುಣವೂ ಅಳಿಯುತ್ತದೆ.

ಸಂರಕ್ಷಣಾ ಕ್ರಮಗಳು

1. ಕಾಡುಬೆಂಡೆ ಬೀಜದಿಂದಲೇ ವಂಶ ಮುಂದುವರಿಸುತ್ತದೆ. ಕಾಡಂಚಿನಲ್ಲಿ ಮತ್ತು ದಾರಿಬದಿಯಲ್ಲಿ ಕಾಯಿ ಒಣಗಿ ಬಿರಿಯುವ ಮೊದಲು ಗಿಡ ಸವರಬೇಡಿ.
2. ಇದು ಬೆಳೆದಿರುವ ಜಾಗದಲ್ಲಿ ಕಳೆನಾಶಕ ಸಿಂಪಡಿಸಬೇಡಿ.
3. ಗಿಡ ಕಿತ್ತು ತರಬೇಡಿ. ಹೂವು, ಕಾಯಿ ಮತ್ತು ಎಲೆಯ ಛಾಯಾಚಿತ್ರ ತೆಗೆದು, ಸ್ಥಳದ ವಿವರದೊಂದಿಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಿಳಿಸಿ.
4. ಬೆಂಡೆ ತಾಕಿನ ಪಕ್ಕದಲ್ಲಿ ಇದನ್ನು ಬೆಳೆಸಬೇಡಿ. ಬೆಳೆಯ ಕೀಟಗಳಿಗೆ ಆಶ್ರಯವಾಗಬಹುದು.

ಬೆಳೆಗಳ ವನ್ಯ ಸಂಬಂಧಿಗಳನ್ನು ಸಂರಕ್ಷಿಸುವ ರೈತರಿಗೆ ಮನ್ನಣೆ ಮತ್ತು ಪುರಸ್ಕಾರ ನೀಡಲು ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರಲ್ಲಿ ಅವಕಾಶವಿದೆ. ನಿಮ್ಮ ಜಮೀನಿನ ಅಂಚಿನಲ್ಲಿ ಕಾಡುಬೆಂಡೆಯಿದ್ದರೆ ಅದನ್ನು ಕಳೆಯೆಂದು ಕೀಳುವ ಮುನ್ನ ಒಮ್ಮೆ ಗುರುತಿಸಿ ನೋಡಿ.