ಕೆನರಾದಿಂದ ಕ್ಯಾಂಡಿಗೆ: ಸಂತ ಜೋಸೆಫ್ ವಾಜರು ನಡೆದ ಹಾದಿ

ನೂರು ವರ್ಷ ತುಂಬಿದ ದೇವಾಲಯದ ಅಂಗಳದಲ್ಲಿ ನಿಂತಾಗ ಮೊದಲು ನೆನಪಾಗುವವರು ಅದನ್ನು ನಡೆಸಿಕೊಂಡು ಬಂದ ಗುರುಗಳು. ಕಡಲು ದಾಟಿ ಬಂದು, ನಮ್ಮ ನುಡಿಯನ್ನು ತೊದಲುತ್ತ ಕಲಿತು, ನಮ್ಮ ಮಣ್ಣಿನಲ್ಲೇ ಮಣ್ಣಾದ ಧರ್ಮಪ್ರಸಾರಕರ ಹೆಸರುಗಳನ್ನು ಇಂತಹ ಸ್ಮರಣ ಸಂಚಿಕೆಗಳು ಭಕ್ತಿಯಿಂದ ದಾಖಲಿಸುತ್ತವೆ. ಅದು ಯುಕ್ತವೇ ಆಗಿದೆ. ಆದರೆ ಧರ್ಮಪ್ರಸಾರಕನೆಂದರೆ ಯೂರೋಪಿನಿಂದ ನಮ್ಮಲ್ಲಿಗೆ ಬಂದವನು ಎಂಬ ಭಾವನೆ ನಮ್ಮಲ್ಲಿ ಎಷ್ಟು ಬಲವಾಗಿ ಬೇರೂರಿದೆಯೆಂದರೆ, ನಮ್ಮ ಕರಾವಳಿಯ ಕಡೆಯಿಂದಲೇ ಕಡಲು ದಾಟಿ ಪರದೇಶಕ್ಕೆ ಹೋದ ಒಬ್ಬ ಗುರುಗಳನ್ನು ನಾವು ಆ ಸಾಲಿನಲ್ಲಿ ನೆನೆಯುವುದು ಅಪರೂಪ. ಹಾಗೆ ಹೋಗುವ ಮುನ್ನ ಅವರು ಕೆನರಾ ಜಿಲ್ಲೆಯ ನಮ್ಮ ಪೂರ್ವಿಕರ ನಡುವೆ ಮೂರು ವರ್ಷ ಬರಿಗಾಲಿನಲ್ಲಿ ನಡೆದವರು. ಅವರೇ ಸಂತ ಜೋಸೆಫ್ ವಾಜ್.

1651ರ ಏಪ್ರಿಲ್ 21ರಂದು ಗೋವೆಯ ಬೆನಾವ್ಲಿಯಲ್ಲಿ, ತಾಯಿಯ ಊರಿನಲ್ಲಿ, ಅವರ ಜನನವಾಯಿತು. ತಂದೆಯ ಊರು ಸಾಂಕ್ವಾಳ್. 1676ರಲ್ಲಿ ಗುರುದೀಕ್ಷೆ ದೊರೆಯಿತು. ಮರುವರ್ಷ ಆಗಸ್ಟ್ 5ರಂದು ಅವರು ಒಂದು ಪತ್ರವನ್ನು ಬರೆದು ಸಹಿ ಹಾಕಿದರು. ದೇವಮಾತೆ ಮರಿಯಮ್ಮನವರಿಗೆ ತಮ್ಮನ್ನು ಶಾಶ್ವತ ದಾಸನನ್ನಾಗಿ ಒಪ್ಪಿಸಿಕೊಳ್ಳುವ ದಾಸ್ಯಪತ್ರವದು. ಅಂದಿನ ಗೋವೆಯಲ್ಲಿ ಮನುಷ್ಯರನ್ನು ಕೊಳ್ಳುವುದೂ ಮಾರುವುದೂ ಕಣ್ಣೆದುರಿನ ಸಂಗತಿಯಾಗಿತ್ತು. ದಾಸನೆಂದರೆ ಏನೆಂಬುದು ಆ ಯುವಗುರುವಿಗೆ ಚೆನ್ನಾಗಿ ತಿಳಿದಿತ್ತು. ಎಲ್ಲಿಗೆ ಹೋಗಬೇಕು, ಏನು ಮಾಡಬೇಕು ಎಂಬ ನಿರ್ಧಾರ ದಾಸನದಲ್ಲ. ಮುಂದಿನ ಮೂವತ್ತಮೂರು ವರ್ಷಗಳ ಅವರ ಬಾಳನ್ನು ಈ ಒಂದು ಕಾಗದದ ಬೆಳಕಿನಲ್ಲಿ ಓದಬೇಕೆಂದು ನನಗೆ ತೋರುತ್ತದೆ.

ಆ ದಿನಗಳಲ್ಲಿ ಸಿಂಹಳ ದ್ವೀಪದಿಂದ ದಾರುಣವಾದ ಸುದ್ದಿಗಳು ಗೋವೆಗೆ ಬರುತ್ತಿದ್ದವು. ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನಾವನ್ನೂ ಪೋರ್ಚುಗೀಸರಿಂದ ಕಸಿದುಕೊಂಡಿದ್ದರು. ಕಾಲ್ವಿನ್ ಪಂಥದವರಾದ ಅವರು ಕಥೋಲಿಕ ಗುರುಗಳನ್ನು ಹೊರದೂಡಿದರು. ಗುರುವಿಗೆ ಮನೆಯಲ್ಲಿ ಆಶ್ರಯ ಕೊಟ್ಟವರಿಗೆ ಮರಣದಂಡನೆಯೆಂದು ಸಾರಿದರು. ದೇವಾಲಯಗಳು ಕೈತಪ್ಪಿದವು. ಪೂಜಾಬಲಿಯಿಲ್ಲ, ಪಾಪನಿವೇದನೆಯಿಲ್ಲ, ಸಾಯುವವನ ಹಾಸಿಗೆಯ ಬಳಿ ಗುರುವಿಲ್ಲ. ಇದನ್ನು ಕೇಳಿದ ವಾಜ್ ಸ್ವಾಮಿಗಳು ತಮ್ಮನ್ನು ಅಲ್ಲಿಗೆ ಕಳುಹಿಸಬೇಕೆಂದು ಬೇಡಿಕೊಂಡರು. ಮೇಲಧಿಕಾರಿಗಳು 1681ರಲ್ಲಿ ಅವರನ್ನು ಕಳುಹಿಸಿದ್ದು ಸಿಂಹಳಕ್ಕಲ್ಲ, ಕೆನರಾಕ್ಕೆ.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ಕೋರುತ್ತೇನೆ. ಕೆನರಾದ ಕಥೋಲಿಕ ಜನತೆ ಇಂದಿಗೂ ದೇವರ ವರವೆಂದು ಸ್ಮರಿಸುವ ಆ ಮೂರು ವರ್ಷಗಳು, ವಾಜ್ ಸ್ವಾಮಿಗಳ ಪಾಲಿಗೆ ಬೇಡಿದ್ದು ಸಿಗದೆ ಹೋದುದರ ಫಲ. ಅವರು ಕೇಳಿದ ದಾರಿ ಇದಾಗಿರಲಿಲ್ಲ.

ದಾರಿಯೂ ಸುಗಮವಾಗಿರಲಿಲ್ಲ. ಆಗ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆ. ಮಂಗಳೂರು, ಕಲ್ಯಾಣಪುರ, ಬಸ್ರೂರು, ಗಂಗೊಳ್ಳಿ ಮೊದಲಾದೆಡೆ ಚದುರಿಹೋಗಿದ್ದ ವಿಶ್ವಾಸಿಗಳಿಗೆ ಗುರುಗಳ ಕೊರತೆಯಿದ್ದುದು ಒಂದು ಕಷ್ಟ. ಅದಕ್ಕಿಂತ ಕಹಿಯಾದ ಕಷ್ಟ ಇನ್ನೊಂದು. ಪೋರ್ಚುಗಲ್ಲಿನ ರಾಜನ ಹಕ್ಕಿನ ಮೇರೆಗೆ ಕೆನರಾ ತನ್ನದೆಂದು ಗೋವೆಯ ಮಹಾಧರ್ಮಾಧ್ಯಕ್ಷ ಪೀಠವು ಹೇಳುತ್ತಿತ್ತು. ರೋಮಾಪುರಿಯ ಧರ್ಮಪ್ರಸಾರ ಸಭೆಯಾದರೋ ಬಿಷಪ್ ತೋಮಸ್ ದೆ ಕಾಸ್ತ್ರೊ ಅವರನ್ನು ಅದೇ ಸೀಮೆಗೆ ನೇಮಿಸಿತ್ತು. ಹೀಗೆ ಒಂದೇ ಮಂದೆಗೆ ಇಬ್ಬರು ಕುರುಬರಾದರು. ಯಾರು ನೀಡಿದ ಸಂಸ್ಕಾರ ಸಿಂಧು, ಯಾರದು ಅಸಿಂಧು ಎಂದು ಬಡ ವಿಶ್ವಾಸಿಗಳು ತಮ್ಮ ತಮ್ಮಲ್ಲೇ ಜಗಳವಾಡುವ ಸ್ಥಿತಿ ಬಂತು. ಗೋವೆಯ ಪ್ರತಿನಿಧಿಯಾಗಿ ಬಂದಿದ್ದ ವಾಜ್ ಸ್ವಾಮಿಗಳು ಒಂದು ಪಕ್ಷದ ಧ್ವಜ ಹಿಡಿದು ನಿಲ್ಲಬಹುದಾಗಿತ್ತು. ಅಂದಿನ ಅನೇಕರು ಅದನ್ನೇ ಬಯಸಿದ್ದರು. ಅವರು ಗೋವೆಯ ವಾದವನ್ನು ಬಿಡಲಿಲ್ಲ. ಆದರೂ ರೋಮಿನಿಂದ ತೀರ್ಮಾನ ಬರುವವರೆಗೆ ಜನರ ಆತ್ಮಹಿತಕ್ಕೆ ಭಂಗ ಬರಬಾರದೆಂದು ಬಿಷಪರನ್ನು ಗೌರವದಿಂದ ಕಂಡು, ಹೊಂದಿಕೊಂಡು ನಡೆದರು. ಧರ್ಮಕೇಂದ್ರಗಳ ಗಡಿ, ಸೀಮೆಗಳ ಬಗ್ಗೆ ಇಂದಿಗೂ ಮಾತು ಬಿಸಿಯೇರುವುದನ್ನು ಕಂಡ ನಮಗೆ ಇದು ಎಷ್ಟು ಕಠಿಣವಾದ ಸಂಯಮವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಂಗಳೂರಿಗೆ ಸಮೀಪದ ಮುಡಿಪು ಗುಡ್ಡದಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರವಿದೆ. ರೋಗಿಯ ನೆಪ ಹೇಳಿ ಅವರನ್ನು ಕೊಲ್ಲಲು ಕರೆದೊಯ್ದರೆಂದೂ, ಅವರು ಮೊಣಕಾಲೂರಿ ಪ್ರಾರ್ಥಿಸಿದಾಗ ಬಂಡೆಯಿಂದ ನೀರು ಚಿಮ್ಮಿತೆಂದೂ ಅಲ್ಲಿಯ ಐತಿಹ್ಯ. ಐತಿಹ್ಯವನ್ನು ಐತಿಹ್ಯವೆಂದೇ ಗೌರವಿಸೋಣ. ದಾಖಲೆಗಳು ಹೇಳುವ ಕೆನರಾದ ವಾಜರು, ಬಿದ್ದ ಗುಡಿಗಳನ್ನು ಎತ್ತಿ ನಿಲ್ಲಿಸುತ್ತ, ಮಕ್ಕಳಿಗಾಗಿ ಪುಟ್ಟ ಶಾಲೆಗಳನ್ನು ತೆರೆಯುತ್ತ, ಊರಿಂದೂರಿಗೆ ನಡೆಯುತ್ತಿದ್ದ ದಣಿದ ಗುರು.

1684ರಲ್ಲಿ ಅವರು ಗೋವೆಗೆ ಮರಳಿದರು. ಸ್ಥಳೀಯ ಗುರುಗಳಿಗೆ ಯೂರೋಪಿನ ಧಾರ್ಮಿಕ ಸಂಘಗಳ ಬಾಗಿಲು ಮುಚ್ಚಿದ್ದ ಕಾಲವದು. ಹಾಗಾಗಿ ಕೆಲವು ಗೋವೆಯ ಗುರುಗಳು ತಾವೇ ಒಂದುಗೂಡಿ ಬಾಳತೊಡಗಿದ್ದರು. 1685ರಲ್ಲಿ ವಾಜ್ ಸ್ವಾಮಿಗಳು ಅವರನ್ನು ಸೇರಿದರು. ಅವರನ್ನೇ ಹಿರಿಯರನ್ನಾಗಿ ಆರಿಸಲಾಯಿತು. ಈ ಸಂಘವೇ ಗೋವೆಯ ಒರೆಟರಿ ಸಭೆ. ಸಿಂಹಳದ ಆಸೆ ಮಾತ್ರ ಅವರಲ್ಲಿ ಆರಿರಲಿಲ್ಲ. 1686ರಲ್ಲಿ ಪದವಿಯನ್ನು ಇತರರಿಗೆ ಬಿಟ್ಟು ಹೊರಟರು. ಸಂಗಡ ಮನೆಯ ಸೇವಕ ಹುಡುಗ ಜುವಾಂವ್. ಹಾದಿಯಲ್ಲಿ ಕೆನರಾದ ಹಳೆಯ ವಿಶ್ವಾಸಿಗಳನ್ನು ಕಂಡು, ಮಲೆಯಾಳ ದೇಶವನ್ನು ದಾಟಿ ತೂತುಕುಡಿಗೆ ಬಂದು, 1687ರ ಪಾಸ್ಖ ಹಬ್ಬದ ಸುಮಾರಿಗೆ ಹಡಗೇರಿದರು. ಗುರುವಿನ ನಿಲುವಂಗಿಯನ್ನು ತೆಗೆದಿಟ್ಟು ಕೂಲಿಯವನ ತುಂಡುಬಟ್ಟೆ ಉಟ್ಟಿದ್ದರು.

ಬಿರುಗಾಳಿಗೆ ಸಿಕ್ಕ ಪ್ರಯಾಣ ಮುಗಿದು ಜಾಫ್ನಾ ತಲುಪುವ ಹೊತ್ತಿಗೆ ಇಬ್ಬರಿಗೂ ರಕ್ತಭೇದಿ ತಗುಲಿತ್ತು. ಅಂಟುರೋಗವೆಂದು ಹೆದರಿ ಅವರನ್ನು ಊರಾಚೆಯ ಕಾಡಿನಲ್ಲಿ ಬಿಡಲಾಯಿತು. ಯಾರೋ ಒಬ್ಬ ಬಡ ಹೆಂಗಸು ಅವರಿಗೆ ಗಂಜಿ ತಂದುಕೊಡುತ್ತಿದ್ದಳೆಂದು ಜೀವನಚರಿತ್ರೆ ಹೇಳುತ್ತದೆ. ಆಕೆಯ ಹೆಸರು ಉಳಿದಿಲ್ಲ. ಸಿಂಹಳ ಧರ್ಮಸಭೆಯ ಪುನರುಜ್ಜೀವನವನ್ನು ಬರೆಯುವವರು ರಾಜರಿಂದಲೂ ಬಿಷಪರಿಂದಲೂ ಆರಂಭಿಸುತ್ತಾರೆ. ನನಗಾದರೋ ಅದು ಈ ಗಂಜಿಯ ಬಟ್ಟಲಿನಿಂದ ಆರಂಭವಾಗುತ್ತದೆ.

ಚೇತರಿಸಿಕೊಂಡ ಮೇಲೆ ಸ್ವಾಮಿಗಳು ಭಿಕ್ಷುಕನಂತೆ ಮನೆಮನೆಯ ಬಾಗಿಲಿಗೆ ಹೋದರು. ಕೊರಳಲ್ಲಿ ಜಪಮಾಲೆ ತೂಗುತ್ತಿತ್ತು. ಭಿಕ್ಷೆ ಹಾಕುವವರ ದೃಷ್ಟಿ ಆ ಮಾಲೆಯ ಮೇಲೆ ಕ್ಷಣ ಕಾಲ ನಿಲ್ಲುತ್ತದೆಯೋ ಎಂಬುದನ್ನು ಅವರು ಗಮನಿಸುತ್ತಿದ್ದರು. ಹೀಗೆ ಗುಪ್ತ ಕಥೋಲಿಕರ ಕುಟುಂಬಗಳು ಒಂದೊಂದಾಗಿ ಗೊತ್ತಾದವು. ಸಿಲ್ಲಾಲೈ ಎಂಬ ಹಳ್ಳಿಯವರು ಅವರನ್ನು ಬಚ್ಚಿಟ್ಟುಕೊಂಡರು. ಸುಮಾರು ಮೂವತ್ತು ವರ್ಷಗಳ ಬಳಿಕ ಆ ಜನರಿಗೆ ಪೂಜಾಬಲಿ ದೊರೆಯಿತು, ಅದೂ ರಾತ್ರಿಯ ಕತ್ತಲಲ್ಲಿ.

1689ರ ಕ್ರಿಸ್ತ ಜಯಂತಿಯ ಇರುಳು ಜಾಫ್ನಾದಲ್ಲಿ ಪೂಜೆಗಾಗಿ ಜನ ನೆರೆದಿದ್ದಾಗ ಡಚ್ ಸೈನಿಕರು ದಾಳಿಯಿಟ್ಟರು. ಪೂಜಾ ಸಾಮಗ್ರಿ ಸೂರೆಯಾಯಿತು, ನೆರೆದವರು ಸೆರೆಯಾದರು. ಕಾಲ್ವಿನ್ ಪಂಥವನ್ನು ತೊರೆದು ಕಥೋಲಿಕನಾಗಿದ್ದ ದೋನ್ ಪೆದ್ರೊ ಎಂಬವನು ಹೊಡೆತಗಳಿಂದಲೇ ಸತ್ತನು. ಇತರ ಪ್ರಮುಖರನ್ನು ಸಂಕೋಲೆಯಲ್ಲಿ ಬಿಗಿದು ಜೀವಾವಧಿ ದುಡಿಮೆಗೆ ತಳ್ಳಿದರು. ವಾಜ್ ಸ್ವಾಮಿಗಳು ಅವರ ಕೈಗೆ ಸಿಗಲಿಲ್ಲ.

ಅವರು ಪಾರಾದುದನ್ನು ಚರಿತ್ರಕಾರರು ದೈವಕೃಪೆಯೆಂದು ಬರೆದಿದ್ದಾರೆ. ನಾನೂ ಹಾಗೆಯೇ ನಂಬುತ್ತೇನೆ. ಆದರೆ ಈ ಪುಟವನ್ನು ಓದುವಾಗಲೆಲ್ಲ ಮನಸ್ಸು ತಡೆಯುತ್ತದೆ. ಗುರು ಉಳಿದುದು ಕೃಪೆಯಾದರೆ ದೋನ್ ಪೆದ್ರೊನ ಮನೆಯವರಿಗೆ ನಾವು ಏನೆಂದು ಹೇಳಬೇಕು? ದೈವಮಾರ್ಗದರ್ಶನವೆಂಬ ಮಾತನ್ನು ಹಗುರವಾಗಿ ಆಡಿದರೆ ಸತ್ತವರನ್ನು ಅಲ್ಲಗಳೆದಂತಾಗುತ್ತದೆ. ತಮ್ಮ ಸಲುವಾಗಿ ಜನ ಸಂಕೋಲೆ ತೊಟ್ಟರೆಂಬ ಭಾರವನ್ನು ಸ್ವಾಮಿಗಳು ಹೊತ್ತುಕೊಂಡೇ ಮುಂದೆ ನಡೆದಿರಬೇಕು. ಗೋವೆಗೆ ಹಿಂದಿರುಗುವ ದಾರಿ ತೆರೆದೇ ಇತ್ತು. ಅವರು ದ್ವೀಪದ ಇನ್ನೂ ಒಳಗೆ, ಪುತ್ತಳಂಗೆ ಹೋದರು; ಅಲ್ಲಿಂದ 1692ರಲ್ಲಿ ಮಲೆನಾಡಿನ ರಾಜಧಾನಿ ಕ್ಯಾಂಡಿಗೆ.

ಕ್ಯಾಂಡಿಯಲ್ಲಿ ಕಾದಿದ್ದದ್ದು ಸೆರೆಮನೆ. ಲನೆರೋಲ್ ಎಂಬ ಒಬ್ಬ ಫ್ರೆಂಚ್ ಪ್ರಾಟೆಸ್ಟಂಟನು ಇವರು ಪೋರ್ಚುಗೀಸರ ಗೂಢಚಾರರೆಂದು ಅರಮನೆಗೆ ಸುದ್ದಿ ಮುಟ್ಟಿಸಿದ್ದನು. ಸೆರೆಯಲ್ಲಿ ಬಿಡುವು ಬೇಕಾದಷ್ಟಿತ್ತು. ಸ್ವಾಮಿಗಳು ಸಿಂಹಳ ಭಾಷೆಯನ್ನು ಕಲಿತರು. ಕಾವಲು ಸಡಿಲವಾದಂತೆ ಒಂದು ಗುಡಿಸಲು ಕಟ್ಟಿ ಅದರಲ್ಲಿ ಪೂಜೆ ಅರ್ಪಿಸಿದರು. ಹಳೆಯ ಪೋರ್ಚುಗೀಸ್ ಸೆರೆಯಾಳುಗಳ ವಂಶದ ಕಥೋಲಿಕರು ಅದೇ ಊರಿನಲ್ಲಿದ್ದರು. ಬಿಡುಗಡೆಯಾಗಿ ಅಲೆದಾಡುತ್ತಿದ್ದರೆ ಇಷ್ಟು ಬೇಗ ಅವರನ್ನು ಕಾಣುತ್ತಿದ್ದರೋ, ಅವರ ಭಾಷೆ ಇಷ್ಟು ಬೇಗ ಬಾಯಿಗೆ ಹತ್ತುತ್ತಿತ್ತೋ ಹೇಳಲಾಗದು.

ಅರಸನು ಎರಡನೆಯ ವಿಮಲಧರ್ಮಸೂರ್ಯ. ನಿಷ್ಠಾವಂತ ಬೌದ್ಧನು, ತನ್ನ ನಾಡಿನಲ್ಲಿ ಕ್ಷೀಣಿಸಿದ್ದ ಭಿಕ್ಷುದೀಕ್ಷೆಯನ್ನು ಮತ್ತೆ ನೆಲೆಗೊಳಿಸಲು ಅರಕಾನ್ ದೇಶದಿಂದ ಭಿಕ್ಷುಗಳನ್ನು ಕರೆಸಿದವನು, ದಂತಧಾತುವಿಗೆ ಮೂರು ಅಂತಸ್ತಿನ ಮಂದಿರ ಕಟ್ಟಿಸಿದವನು. ಒಮ್ಮೆ ಘೋರವಾದ ಬರ ಬಂದಾಗ ಅವನು ಕಥೋಲಿಕ ಗುರುವನ್ನೂ ಪ್ರಾರ್ಥಿಸಲು ಹೇಳಿಕಳುಹಿಸಿದನು. ಸ್ವಾಮಿಗಳು ಬಯಲಲ್ಲಿ ಪೀಠ ಕಟ್ಟಿಸಿ, ಶಿಲುಬೆಯನ್ನಿರಿಸಿ ಮೊಣಕಾಲೂರಿದರು; ಮಳೆ ಧಾರಾಕಾರವಾಗಿ ಸುರಿಯಿತೆಂದು ಚರಿತ್ರೆ. ಅಂದಿನಿಂದ ಅವರಿಗೆ ರಾಜ್ಯದಲ್ಲಿ ಸಂಚರಿಸಿ ಬೋಧಿಸುವ ಸ್ವಾತಂತ್ರ್ಯ ದೊರೆಯಿತು. ಯೇಸುಸ್ವಾಮಿಯ ಹೆಸರು ಹೇಳುವ ಡಚ್ಚರು ಬೇಟೆಯಾಡುತ್ತಿದ್ದ ಗುರುವಿಗೆ ಬುದ್ಧನನ್ನು ಪೂಜಿಸುವ ಅರಸನು ನೆರಳಾದನು. ನಮ್ಮ ಕೃತಜ್ಞತೆಯ ಪಟ್ಟಿಯಲ್ಲಿ ಈ ದೊರೆಗೂ ಕೆಳದಿಯ ರಾಣಿಗೂ ಸ್ಥಳವಿರಬೇಕಲ್ಲವೆ? ಸ್ಮರಣ ಸಂಚಿಕೆಗಳ ಸಂಪಾದಕರು ಇದನ್ನು ಯೋಚಿಸಬಹುದು.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬಿನ ಮಾರಿ ಹಬ್ಬಿತು. ಅರಸನೂ ಪ್ರಮುಖರೂ ಊರು ಬಿಟ್ಟರು. ರೋಗಿಗಳನ್ನು ಮನೆಯವರೇ ಕಾಡಿಗೆ ಸಾಗಿಸಿ ಬಿಟ್ಟುಬರುತ್ತಿದ್ದರು. ಹತ್ತು ವರ್ಷಗಳ ಹಿಂದೆ ತಾವೂ ಹಾಗೆಯೇ ಕಾಡಿನಲ್ಲಿ ಬಿದ್ದಿದ್ದುದನ್ನು ವಾಜ್ ಸ್ವಾಮಿಗಳು ಮರೆತಿರಲಾರರು. ಅವರೂ, ಗೋವೆಯಿಂದ ಬಂದಿದ್ದ ಅವರ ಸೋದರಳಿಯ ಜೋಸೆಫ್ ಕಾರ್ವಾಲ್ಯೊ ಗುರುಗಳೂ ರೋಗಿಗಳನ್ನು ಹುಡುಕಿ ಹೋಗಿ ಗುಡಿಸಲು ಕಟ್ಟಿಕೊಟ್ಟರು, ಉಣಿಸಿದರು, ಮೈ ತೊಳೆದರು, ಸತ್ತವರನ್ನು ಹೂಳಿದರು. ಜಾಫ್ನಾದ ಆ ಹೆಸರಿಲ್ಲದ ಹೆಂಗಸಿನ ಸಾಲ ಕ್ಯಾಂಡಿಯ ಕಾಡಿನಲ್ಲಿ ತೀರಿತೆಂದು ನಾನು ಓದಿಕೊಳ್ಳುತ್ತೇನೆ.

ಬಿಷಪ್ ಪದವಿಯ ಪ್ರಸ್ತಾಪ ಬಂದಾಗ ಅವರು ಒಲ್ಲೆನೆಂದರು. ಗೋವೆಯಿಂದ ಇನ್ನಷ್ಟು ಒರೆಟರಿ ಗುರುಗಳು ಬಂದರು. 1705ರಲ್ಲಿ ಬಂದ ಜಾಕೋಮೆ ಗೊನ್ಸಾಲ್ವಿಸ್ ಸಿಂಹಳ ಮತ್ತು ತಮಿಳು ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿ, ಸಿಂಹಳ ಕಥೋಲಿಕ ಸಾಹಿತ್ಯದ ಜನಕರೆನಿಸಿದರು. ಬಿಳಿಯ ಗುರುವೊಬ್ಬನೂ ಕಾಲಿಡಲಾಗದ ಕಾಲದಲ್ಲಿ ಭಾರತದ ಗುರುಗಳೇ ಆ ಧರ್ಮಸಭೆಯನ್ನು ಉಳಿಸಿದರೆಂಬುದನ್ನು ನಮ್ಮ ಮಕ್ಕಳಿಗೆ ಧರ್ಮೋಪದೇಶದ ತರಗತಿಯಲ್ಲಿ ಹೇಳಿಕೊಡಬೇಕು.

ಇಪ್ಪತ್ತನಾಲ್ಕು ವರ್ಷ ಕಳೆಯಿತು. ವಾಜ್ ಸ್ವಾಮಿಗಳು ಒಮ್ಮೆಯೂ ತಾಯ್ನಾಡಿಗೆ ಹಿಂತಿರುಗಲಿಲ್ಲ. ದೇಹ ಸವೆದಿತ್ತು. 1711ರ ಜನವರಿ 16ರ ರಾತ್ರಿ ಕ್ಯಾಂಡಿಯಲ್ಲಿ ಅವರ ಅಂತ್ಯ ಸಮೀಪಿಸಿದಾಗ ಸುತ್ತಲಿದ್ದ ಗುರುಗಳು ಕಡೆಯ ಬುದ್ಧಿಮಾತನ್ನು ಬೇಡಿದರು. ಬಾಳಿನುದ್ದಕ್ಕೂ ಅಲಕ್ಷ್ಯ ಮಾಡಿದ್ದನ್ನು ಸಾವಿನ ಹೊತ್ತಿನಲ್ಲಿ ಮಾಡುವುದು ಸುಲಭವಲ್ಲವೆಂದೂ, ದೇವರ ಪ್ರೇರಣೆಗಳಂತೆ ನಡೆಯಬೇಕೆಂದೂ ಹೇಳಿ ಕೈಯಲ್ಲಿ ದೀಪ ಹಿಡಿದು ಪ್ರಾಣ ಬಿಟ್ಟರೆನ್ನುತ್ತಾರೆ. ಬೇಡಿದ ದಾರಿ ಸಿಗದೆ ಕೆನರಾಕ್ಕೆ ಬಂದವರು, ಸೆರೆಮನೆಯಲ್ಲಿ ಭಾಷೆ ಕಲಿತವರು, ಪ್ರೇರಣೆಯೆಂಬ ಪದವನ್ನು ಯಾವ ಅರ್ಥದಲ್ಲಿ ಬಳಸಿದರೆಂಬುದನ್ನು ಇಷ್ಟು ಹೊತ್ತು ಓದಿದವರು ತಾವೇ ಅಳೆದುಕೊಳ್ಳಬಹುದು.

ಅವರ ಮೊದಲ ದೊಡ್ಡ ಜೀವನಚರಿತ್ರೆಯನ್ನು ಗೋವೆಯ ಒರೆಟರಿಯವರೇ ಆದ ಸೆಬಾಸ್ತಿಯಾಂವ್ ದೊ ರೇಗೊ ಬರೆದರು. ಅದು 1745ರಲ್ಲಿ ಲಿಸ್ಬನ್ನಿನಲ್ಲಿ ಮುದ್ರಣವಾಯಿತು. 1995ರ ಜನವರಿ 21ರಂದು ಪೋಪ್ ಎರಡನೆಯ ಜಾನ್ ಪಾಲರು ಕೊಲಂಬೊದಲ್ಲಿ ಅವರನ್ನು ಪುನೀತರೆಂದು ಸಾರಿದರು. 2015ರ ಜನವರಿ 14ರಂದು ಅದೇ ಊರಿನ ಗಾಲ್ ಫೇಸ್ ಬಯಲಿನಲ್ಲಿ, ಕಡಲ ಗಾಳಿಯಲ್ಲಿ ನೆರೆದ ಲಕ್ಷಾಂತರ ಜನರ ಮುಂದೆ, ಪೋಪ್ ಫ್ರಾನ್ಸಿಸರು ಸಂತ ಪದವಿಗೇರಿಸಿದರು. ಪ್ರತಿ ವರ್ಷ ಜನವರಿ 16 ಅವರ ಹಬ್ಬದ ದಿನ. ಅಂದು ಮುಡಿಪುವಿನ ಗುಡ್ಡವನ್ನು ಜನ ಸಾಲುಸಾಲಾಗಿ ಏರುತ್ತಾರೆ. ಕ್ಯಾಂಡಿಯಲ್ಲಿ ಅವರನ್ನು ಹೂಳಿದ ಜಾಗವಾವುದೆಂದು ಗುರುತಿಸುವ ಕಲ್ಲೊಂದೂ ಉಳಿದಿಲ್ಲ.